ಮಧುಮೇಹದಿಂದ ಕೆಟ್ಟ ಕಣ್ಣಿಗೆ ಇಂಜೆಕ್ಷನ್ನೋ, ಲೇಸರ್ರೋ, ಸ್ಟೆರಾಯ್ಡೋ: ಸಂಶೋಧನೆಗಳನ್ನು ಓದಿ ಆಯ್ಕೆ ಮಾಡುವ ಬಗೆ

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದು ವೈದ್ಯರು ಹೇಳುವ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ತೊಂದರೆಗಳು ಅಡಗಿರಬಹುದು, ಮತ್ತು ಯಾವುದು ಎಂದು ತಿಳಿಯದೆ ಚಿಕಿತ್ಸೆಗಳನ್ನು ಹೋಲಿಸಲು ಹೊರಟರೆ ಗೊಂದಲವೇ ಗತಿ. ಮೊದಲನೆಯದು ಮ್ಯಾಕ್ಯುಲಾದ ಊತ. ಅಕ್ಷಿಪಟಲದ ನಡುವೆ, ನಾವು ಓದಲು ಮತ್ತು ಮುಖ ಗುರುತಿಸಲು ಬಳಸುವ ಪುಟ್ಟ ಜಾಗದಲ್ಲಿ, ಕೆಟ್ಟುಹೋದ ರಕ್ತನಾಳಗಳಿಂದ ದ್ರವ ಸೋರಿ ಪದರ ಉಬ್ಬಿಕೊಳ್ಳುತ್ತದೆ. ಎರಡನೆಯದು ಹೊಸ ರಕ್ತನಾಳಗಳ ಬೆಳವಣಿಗೆ, ಅಂದರೆ ಪ್ರೊಲಿಫರೇಟಿವ್ ರೆಟಿನೋಪತಿ. ಆಮ್ಲಜನಕ ಸಾಲದ ಅಕ್ಷಿಪಟಲ ತನಗೆ ರಕ್ತ ಬೇಕೆಂದು ಕೂಗುತ್ತದೆ, ಆ ಕೂಗಿಗೆ ಬೆಳೆಯುವ ನಾಳಗಳು ಬಲಹೀನವಾಗಿರುವುದರಿಂದ ಒಡೆದು ಕಣ್ಣಿನೊಳಗೆ ರಕ್ತ ಸುರಿಯುತ್ತವೆ ಅಥವಾ ಗಾಯದ ಎಳೆಗಳಾಗಿ ಗಟ್ಟಿಯಾಗಿ ಅಕ್ಷಿಪಟಲವನ್ನೇ ಕಿತ್ತೆಳೆಯುತ್ತವೆ. ಕೆಲವರ ಕಣ್ಣಿನಲ್ಲಿ ಎರಡೂ ಒಟ್ಟಿಗೆ ಇರುತ್ತವೆ.

ಎರಡಕ್ಕೂ ಬೇರಿನಲ್ಲಿರುವುದು ವಿಇಜಿಎಫ್ ಎಂಬ ಒಂದೇ ಪ್ರೋಟೀನು. ಅದನ್ನು ತಡೆಯುವ ಔಷಧಗಳನ್ನು ಕಣ್ಣಿನೊಳಗೆ ಚುಚ್ಚುವುದು ಕಳೆದ ಎರಡು ದಶಕಗಳಲ್ಲಿ ಬಂದ ದೊಡ್ಡ ಬದಲಾವಣೆ. ಆದರೆ ಬೇರು ಒಂದೇ ಆದರೂ ಎರಡು ತೊಂದರೆಗಳಿಗೆ ಚಿಕಿತ್ಸೆಯ ಲೆಕ್ಕ ಬೇರೆ ಬೇರೆ. ಅಕ್ಷಿಪಟಲದ ಪದರಗಳ ಚಿತ್ರ ತೆಗೆಯುವ ಓಸಿಟಿ ಸ್ಕ್ಯಾನ್ ಆದ ಮೇಲೆ ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ ಔಷಧದ ಹೆಸರಿನದಲ್ಲ. ಊತವೋ, ಹೊಸ ನಾಳಗಳೋ, ಎರಡೂ ಇವೆಯೋ ಎಂಬುದು.

ಇದು ನಮ್ಮ ದೇಶದಲ್ಲಿ ಚಿಕ್ಕ ಸಂಗತಿಯಲ್ಲ. ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆಯೆಂದು ಅಂದಾಜಿಸಿತು. ಹಲವು ರಾಜ್ಯಗಳಲ್ಲಿ ನಡೆದ ಸ್ಮಾರ್ಟ್ ಇಂಡಿಯಾ ಅಧ್ಯಯನ 40 ವರ್ಷ ದಾಟಿದ ಮಧುಮೇಹಿಗಳಲ್ಲಿ ಶೇ. 12.5ರಷ್ಟು ಮಂದಿಗೆ ರೆಟಿನೋಪತಿ, ಅಂದರೆ ಮಧುಮೇಹದಿಂದ ಅಕ್ಷಿಪಟಲಕ್ಕೆ ಆಗುವ ಹಾನಿ, ಇರುವುದನ್ನು ಕಂಡಿತು. ಹೀಗಿದ್ದರೂ ಚಿಕಿತ್ಸೆಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿದ ಪ್ರಯೋಗಗಳಲ್ಲಿ ಹೆಚ್ಚಿನವು ಅಮೆರಿಕದ್ದು. ಅದರಲ್ಲೂ ಸರ್ಕಾರಿ ಹಣದಿಂದ 2002ರಲ್ಲಿ ಆರಂಭವಾದ, ಈಗ ಡಿಆರ್‌ಸಿಆರ್ ರೆಟಿನಾ ನೆಟ್‌ವರ್ಕ್ ಎಂದು ಕರೆಯಲಾಗುವ ಸಂಶೋಧನಾ ಜಾಲದ್ದು. ಔಷಧ ಕಂಪನಿಗಳು ಸಾಮಾನ್ಯವಾಗಿ ಕೇಳಲು ಇಷ್ಟಪಡದ ಪ್ರಶ್ನೆಗಳನ್ನು, ಅಂದರೆ ಅಗ್ಗದ ಔಷಧ ಸಾಕೇ, ಏನೂ ಮಾಡದೆ ಕಾದರೆ ಏನಾಗುತ್ತದೆ ಎಂಬಂಥವನ್ನು, ಅದು ಕೇಳಿದೆ ಎಂಬುದೇ ಅದರ ಫಲಿತಾಂಶಗಳ ಮೇಲೆ ನನಗಿರುವ ಹೆಚ್ಚಿನ ನಂಬಿಕೆಗೆ ಕಾರಣ.

ಅಕ್ಷರಗಳ ಲೆಕ್ಕ

ಈ ಪ್ರಯೋಗಗಳೆಲ್ಲ ದೃಷ್ಟಿಯನ್ನು ಅಕ್ಷರಗಳಲ್ಲಿ ಅಳೆಯುತ್ತವೆ. ಅವು ಬಳಸುವ ಫಲಕದಲ್ಲಿ ಒಂದು ಸಾಲಿಗೆ ಐದು ಅಕ್ಷರ. ಹತ್ತು ಅಕ್ಷರ ಸುಧಾರಿಸಿತು ಎಂದರೆ ಎರಡು ಸಾಲು ಕೆಳಗಿನವರೆಗೆ ಓದಬಲ್ಲವರಾದರು ಎಂದರ್ಥ, ಹದಿನೈದು ಎಂದರೆ ಮೂರು ಸಾಲು. ಮೂರು ಸಾಲು ಬದುಕನ್ನೇ ಬದಲಿಸಬಲ್ಲ ವ್ಯತ್ಯಾಸ. ಒಂದೆರಡು ಅಕ್ಷರದ ವ್ಯತ್ಯಾಸ ಸಂಖ್ಯಾಶಾಸ್ತ್ರಕ್ಕೆ ಮುಖ್ಯವಾದರೂ ರೋಗಿಗೆ ಗೊತ್ತೇ ಆಗದಿರಬಹುದು. ಜಾಹೀರಾತಿನ ಹಾಳೆಯಲ್ಲಿ ಯಾವುದೋ ಔಷಧ ಇನ್ನೊಂದಕ್ಕಿಂತ ಮೇಲು ಎಂದು ಬರೆದಿದ್ದರೆ ಎಷ್ಟು ಅಕ್ಷರ ಮೇಲು ಎಂದು ಹುಡುಕುವುದು ಒಳ್ಳೆಯ ಅಭ್ಯಾಸ.

ಮ್ಯಾಕ್ಯುಲಾ ಊದಿಕೊಂಡಿದ್ದರೆ

1980ರ ದಶಕದ ಇಟಿಡಿಆರ್‌ಎಸ್ ಅಧ್ಯಯನದಿಂದ ಹಿಡಿದು ಸುಮಾರು ಇಪ್ಪತ್ತೈದು ವರ್ಷ ಊತಕ್ಕೆ ಲೇಸರ್ ಒಂದೇ ದಾರಿಯಾಗಿತ್ತು. ಮೂರು ವರ್ಷಗಳಲ್ಲಿ ದೃಷ್ಟಿ ಗಣನೀಯವಾಗಿ ಇಳಿದವರ ಪ್ರಮಾಣವನ್ನು ಅದು ಸುಮಾರು ಶೇ. 24ರಿಂದ 12ಕ್ಕೆ ಇಳಿಸಿತು. ಲೇಸರ್ ಇದ್ದ ದೃಷ್ಟಿಯನ್ನು ಕಾಪಾಡುತ್ತಿತ್ತು, ಹೋದದ್ದನ್ನು ಮರಳಿ ತರುವುದು ಅಪರೂಪವಾಗಿತ್ತು. 2010ರಲ್ಲಿ ಪ್ರಕಟವಾದ ಪ್ರೋಟೋಕಾಲ್ ಐ (ಡಿಆರ್‌ಸಿಆರ್ ಜಾಲ ತನ್ನ ಪ್ರಯೋಗಗಳಿಗೆ ಹೀಗೆ ಇಂಗ್ಲಿಷ್ ಅಕ್ಷರಗಳ ಹೆಸರಿಡುತ್ತದೆ) ಈ ಚಿತ್ರವನ್ನು ಬದಲಿಸಿತು. 854 ಕಣ್ಣುಗಳಲ್ಲಿ ನಡೆದ ಆ ಪ್ರಯೋಗದಲ್ಲಿ ಲೇಸರ್ ಮಾತ್ರ ಪಡೆದವು ಒಂದು ವರ್ಷಕ್ಕೆ ಸರಾಸರಿ 3 ಅಕ್ಷರ ಗಳಿಸಿದರೆ ವಿಇಜಿಎಫ್ ತಡೆಯುವ ರಾನಿಬಿಝುಮ್ಯಾಬ್ ಇಂಜೆಕ್ಷನ್ ಪಡೆದವು 9 ಅಕ್ಷರ ಗಳಿಸಿದವು. ಮ್ಯಾಕ್ಯುಲಾದ ನಡುಭಾಗವೇ ಊದಿ ದೃಷ್ಟಿ ಇಳಿದಿದ್ದರೆ ಮೊದಲ ಚಿಕಿತ್ಸೆ ಇಂಜೆಕ್ಷನ್ ಎಂಬುದು ಅಂದಿನಿಂದ ಬಹುಮಟ್ಟಿಗೆ ತೀರ್ಮಾನವಾದ ವಿಷಯ.

ಯಾವ ಇಂಜೆಕ್ಷನ್ ಎಂಬುದೇ ಈಗ ಹೆಚ್ಚು ಚರ್ಚೆಯಾಗುವ ಪ್ರಶ್ನೆ. ಅದಕ್ಕೆ ಇಂದಿಗೂ ಎಲ್ಲರೂ ತಿರುಗಿ ನೋಡುವುದು 2015ರ ಪ್ರೋಟೋಕಾಲ್ ಟಿ ಕಡೆಗೆ. ಅಮೆರಿಕದ 89 ಕೇಂದ್ರಗಳ 660 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ ಒಂದಕ್ಕೆ ಅಫ್ಲಿಬರ್ಸೆಪ್ಟ್, ಇನ್ನೊಂದಕ್ಕೆ ಬೆವಾಸಿಝುಮ್ಯಾಬ್, ಮತ್ತೊಂದಕ್ಕೆ ರಾನಿಬಿಝುಮ್ಯಾಬ್ ಕೊಟ್ಟರು. ಇವುಗಳಲ್ಲಿ ಬೆವಾಸಿಝುಮ್ಯಾಬ್, ಅಂದರೆ ಅವಾಸ್ಟಿನ್, ಹುಟ್ಟಿದ್ದು ಕರುಳಿನ ಕ್ಯಾನ್ಸರಿಗೆ; ಕಣ್ಣಿಗೆ ಬಳಸಲು ಅದರ ತಯಾರಕರು ಪರವಾನಗಿ ಪಡೆದಿರಲಿಲ್ಲ, ವೈದ್ಯರು ತಮ್ಮ ವಿವೇಚನೆಯಿಂದ ಬಳಸತೊಡಗಿದರು. ಬೆಲೆಯ ಅಂತರ ನೋಡಿದರೆ ಅದೇಕೆಂದು ತಿಳಿಯುತ್ತದೆ: 2015ರಲ್ಲಿ ಅಮೆರಿಕದಲ್ಲಿ ಒಂದು ಡೋಸಿಗೆ ಅಫ್ಲಿಬರ್ಸೆಪ್ಟ್ ಸುಮಾರು 1,850 ಡಾಲರ್, ರಾನಿಬಿಝುಮ್ಯಾಬ್ 1,170 ಡಾಲರ್, ಸಣ್ಣ ಪ್ರಮಾಣಗಳಾಗಿ ಹಂಚಿ ತುಂಬಿದ ಬೆವಾಸಿಝುಮ್ಯಾಬ್ 60 ಡಾಲರ್.

ಒಂದು ವರ್ಷದ ಸರಾಸರಿ ಗಳಿಕೆ ಅಫ್ಲಿಬರ್ಸೆಪ್ಟ್‌ಗೆ 13.3, ರಾನಿಬಿಝುಮ್ಯಾಬ್‌ಗೆ 11.2, ಬೆವಾಸಿಝುಮ್ಯಾಬ್‌ಗೆ 9.7 ಅಕ್ಷರ. ಇಷ್ಟನ್ನೇ ಓದಿದವರು ದುಬಾರಿಯದೇ ಗೆದ್ದಿತು ಎಂದು ಪುಟ ಮುಚ್ಚಿಬಿಡಬಹುದು. ಆದರೆ ಈ ಸರಾಸರಿಯನ್ನು ಆರಂಭದ ದೃಷ್ಟಿಗೆ ತಕ್ಕಂತೆ ಬಿಡಿಸಿದಾಗ ಕಥೆ ಎರಡಾಗಿ ಒಡೆಯುತ್ತದೆ. ನಮ್ಮ ಕ್ಲಿನಿಕ್‌ಗಳ ಭಾಷೆಯಲ್ಲಿ 6/12 (ಸಹಜ ಕಣ್ಣು 12 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವಷ್ಟು) ಅಥವಾ ಅದಕ್ಕಿಂತ ತುಸು ಮೇಲಿನ ದೃಷ್ಟಿಯಿಂದ ಆರಂಭಿಸಿದವರಲ್ಲಿ ಗಳಿಕೆ 8.0, 8.3 ಮತ್ತು 7.5, ಅಂದರೆ ಮೂರೂ ಒಂದೇ. 6/15 ಅಥವಾ ಅದಕ್ಕಿಂತ ಕಡಿಮೆಯಿಂದ ಆರಂಭಿಸಿದವರಲ್ಲಿ ಮಾತ್ರ ಅಫ್ಲಿಬರ್ಸೆಪ್ಟ್ 18.9, ರಾನಿಬಿಝುಮ್ಯಾಬ್ 14.2, ಬೆವಾಸಿಝುಮ್ಯಾಬ್ 11.8 ಎಂದು ಅಂತರ ಎದ್ದು ಕಂಡಿತು. ಎರಡು ವರ್ಷ ತುಂಬುವ ಹೊತ್ತಿಗೆ ಈ ಗುಂಪಿನಲ್ಲೂ ಅಂತರ ಕಿರಿದಾಯಿತು: 18.1, 16.1, 13.3. ಆಗ ಅಫ್ಲಿಬರ್ಸೆಪ್ಟ್ ಬೆವಾಸಿಝುಮ್ಯಾಬ್‌ಗಿಂತ ಮೇಲಾಗಿಯೇ ಉಳಿಯಿತು, ರಾನಿಬಿಝುಮ್ಯಾಬ್‌ಗಿಂತ ಮೇಲು ಎಂದು ಖಚಿತವಾಗಿ ಹೇಳುವಂತಿರಲಿಲ್ಲ. ಹೀಗಾಗಿ ಕೇಳಬೇಕಾದ ಎರಡನೆಯ ಪ್ರಶ್ನೆ, ಈಗ ನನ್ನ ದೃಷ್ಟಿ ಎಷ್ಟಿದೆ ಎಂಬುದು. ಉತ್ತರ 6/12 ಎಂದಾದರೆ ದುಬಾರಿ ಔಷಧಕ್ಕಾಗಿ ಒಡವೆ ಅಡವಿಡುವ ಅಗತ್ಯವನ್ನು ಈ ಪ್ರಯೋಗ ಸಮರ್ಥಿಸುವುದಿಲ್ಲ.

ದೃಷ್ಟಿ ಕಡಿಮೆ ಇದ್ದವರು ಏನು ಮಾಡಬೇಕು ಎಂಬುದಕ್ಕೆ ಉತ್ತರ ಬರಲು ಇನ್ನೂ ಏಳು ವರ್ಷ ಬೇಕಾಯಿತು. 2022ರಲ್ಲಿ ಪ್ರಕಟವಾದ ಪ್ರೋಟೋಕಾಲ್ ಎಸಿ, 6/15 ಅಥವಾ ಅದಕ್ಕಿಂತ ಕಡಿಮೆ ದೃಷ್ಟಿಯ 312 ಕಣ್ಣುಗಳನ್ನು ತೆಗೆದುಕೊಂಡಿತು. ಅರ್ಧಕ್ಕೆ ಮೊದಲಿನಿಂದಲೇ ಅಫ್ಲಿಬರ್ಸೆಪ್ಟ್. ಉಳಿದರ್ಧಕ್ಕೆ ಮೊದಲು ಬೆವಾಸಿಝುಮ್ಯಾಬ್, ಹನ್ನೆರಡು ವಾರಗಳ ನಂತರ ನಿಗದಿತ ಮಾನದಂಡದಂತೆ ಸುಧಾರಣೆ ಸಾಲದಿದ್ದರೆ ಅಫ್ಲಿಬರ್ಸೆಪ್ಟ್‌ಗೆ ಬದಲಾವಣೆ. ಎರಡು ವರ್ಷಗಳ ಅವಧಿಯ ಸರಾಸರಿ ಗಳಿಕೆ ಮೊದಲ ಗುಂಪಿಗೆ 15.0, ಎರಡನೆಯದಕ್ಕೆ 14.0. ಅಗ್ಗದಿಂದ ಆರಂಭಿಸಿದವರು ಸೋಲಲಿಲ್ಲ. ಆದರೆ ಅವರಲ್ಲಿ ಶೇ. 70ರಷ್ಟು ಕಣ್ಣುಗಳು ಎರಡು ವರ್ಷದೊಳಗೆ ದುಬಾರಿ ಔಷಧಕ್ಕೆ ಬದಲಾದವು ಎಂಬುದನ್ನು ಹೇಳದೆ ಈ ಫಲಿತಾಂಶವನ್ನು ಉಲ್ಲೇಖಿಸುವುದು ಅರ್ಧ ಸತ್ಯವಾಗುತ್ತದೆ. ಅವಾಸ್ಟಿನ್‌ನಿಂದ ಆರಂಭಿಸುವುದು ಸರಿಯಾದ ಯೋಜನೆಯೇ. ಅದರಲ್ಲೇ ಉಳಿದುಬಿಡುವುದು ಬೇರೆ ಯೋಜನೆ, ಅದನ್ನು ಈ ಪ್ರಯೋಗ ಪರೀಕ್ಷಿಸಿಲ್ಲ. ಆರಂಭಿಸುವಾಗಲೇ, ಯಾವಾಗ ಮತ್ತು ಯಾವ ಅಳತೆಯ ಮೇಲೆ ಬದಲಿಸುತ್ತೀರಿ ಎಂದು ವೈದ್ಯರನ್ನು ಕೇಳಿಟ್ಟುಕೊಂಡರೆ ಮುಂದಿನ ಖರ್ಚಿಗೂ ಮನಸ್ಸಿಗೂ ಸಿದ್ಧತೆ ಇರುತ್ತದೆ.

ಬೆವಾಸಿಝುಮ್ಯಾಬ್ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು, ಅದು ಔಷಧದ ಗುಣದ್ದಲ್ಲ, ಕೈಗಳದ್ದು. ಕ್ಯಾನ್ಸರ್ ರೋಗಿಗೆಂದು ತಯಾರಾದ ಒಂದು ದೊಡ್ಡ ಸೀಸೆಯನ್ನು ಹಲವು ಕಣ್ಣುಗಳಿಗೆ ಹಂಚುವಾಗ ಸ್ವಚ್ಛತೆ ತಪ್ಪಿದರೆ ಒಂದೇ ದಿನ ಹಲವರ ಕಣ್ಣಿಗೆ ಸೋಂಕು ತಗುಲಬಹುದು. ಯಾವುದೇ ಔಷಧವಿರಲಿ, ಇಂಜೆಕ್ಷನ್ನಿನ ನಂತರ ಕಣ್ಣಿನೊಳಗೆ ಗಂಭೀರ ಸೋಂಕಾಗುವುದು ಕೆಲವು ಸಾವಿರಕ್ಕೆ ಒಂದರಂತೆ ಮಾತ್ರ. ಆದರೂ ಚುಚ್ಚಿದ ಕೆಲವು ದಿನಗಳಲ್ಲಿ ನೋವು ಹೆಚ್ಚುತ್ತಾ, ಕಣ್ಣು ಕೆಂಪಾಗಿ, ದೃಷ್ಟಿ ಮಸುಕಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಗ್ಗದ ಇನ್ನೊಂದು ದಾರಿಯೂ ನಮ್ಮಲ್ಲಿ ಇದೆ: ಜಗತ್ತಿನಲ್ಲೇ ಮೊದಲ ಬಾರಿಗೆ ರಾನಿಬಿಝುಮ್ಯಾಬ್‌ನ ಬಯೋಸಿಮಿಲರ್‌ಗೆ, ಅಂದರೆ ಮೂಲ ಔಷಧವನ್ನು ಹೋಲುವಂತೆ ಬೇರೆ ಕಂಪನಿ ತಯಾರಿಸಿದ ಔಷಧಕ್ಕೆ, ಅನುಮತಿ ಸಿಕ್ಕಿದ್ದು ಭಾರತದಲ್ಲಿ, 2015ರಲ್ಲಿ, ಇಂಟಾಸ್ ಕಂಪನಿಯ ರಝುಮ್ಯಾಬ್‌ಗೆ. ಅದು ಕಣ್ಣಿಗೆಂದೇ ತಯಾರಾಗಿ ಬರುತ್ತದೆ ಎಂಬುದು ಅದರ ಅನುಕೂಲ.

ಹೊಸದಾಗಿ ಬಂದ ಫಾರಿಸಿಮ್ಯಾಬ್ ವಿಇಜಿಎಫ್ ಜೊತೆಗೆ ಆಂಜಿಯೋಪೊಯೆಟಿನ್-2 ಎಂಬ ಇನ್ನೊಂದು ಪ್ರೋಟೀನನ್ನೂ ತಡೆಯುತ್ತದೆ. 2022ರಲ್ಲಿ ಪ್ರಕಟವಾದ ಯೋಸೆಮಿಟಿ ಮತ್ತು ರೈನ್ ಪ್ರಯೋಗಗಳು ಒಟ್ಟು 1,891 ರೋಗಿಗಳಲ್ಲಿ ಅದು ಅಫ್ಲಿಬರ್ಸೆಪ್ಟ್‌ಗಿಂತ ಕಡಿಮೆಯಲ್ಲ ಎಂದು ತೋರಿಸಿದವು. ಕಡಿಮೆಯಲ್ಲ ಎಂಬ ಮಾತನ್ನು ಹೆಚ್ಚು ಎಂದು ಓದಿಕೊಳ್ಳಬಾರದು. ದೃಷ್ಟಿಯ ಗಳಿಕೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಅದರ ಲಾಭ ಇರುವುದು ಇಂಜೆಕ್ಷನ್‌ಗಳ ನಡುವಿನ ಅಂತರದಲ್ಲಿ: ರೋಗಿಗೆ ತಕ್ಕಂತೆ ಅಂತರ ಹೆಚ್ಚಿಸಿದ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದು ವರ್ಷದ ಹೊತ್ತಿಗೆ ಹದಿನಾರು ವಾರಕ್ಕೊಮ್ಮೆ ಚುಚ್ಚಿಸಿಕೊಂಡರೆ ಸಾಕು ಎಂಬ ಹಂತ ತಲುಪಿದ್ದರು. ಹೆಚ್ಚು ಡೋಸಿನ, 8 ಮಿಲಿಗ್ರಾಂ ಅಫ್ಲಿಬರ್ಸೆಪ್ಟ್ ಹೇಳುವುದೂ ಇದೇ ಬಗೆಯ ಕಥೆ. ಬೀದರಿನಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಜೊತೆಗೊಬ್ಬರನ್ನು ಕರೆದುಕೊಂಡು, ಒಂದು ದಿನದ ಕೂಲಿ ಬಿಟ್ಟು ಪಟ್ಟಣಕ್ಕೆ ಬರುವವರಿಗೆ ವರ್ಷಕ್ಕೆ ನಾಲ್ಕು ಭೇಟಿ ಉಳಿದರೆ ಅದೂ ಹಣವೇ, ಆದ್ದರಿಂದ ಸೀಸೆಯ ಬೆಲೆಯನ್ನು ಮಾತ್ರ ಹೋಲಿಸಬಾರದು.

ಪ್ರೋಟೋಕಾಲ್ ಟಿಯಲ್ಲಿ ಮೊದಲ ವರ್ಷ ಒಬ್ಬೊಬ್ಬರಿಗೆ ಒಂಬತ್ತೋ ಹತ್ತೋ ಇಂಜೆಕ್ಷನ್, ಎರಡನೆಯ ವರ್ಷ ಐದಾರು ಬಿದ್ದಿದ್ದವು ಎಂಬುದನ್ನು ಇಲ್ಲಿ ನೆನಪಿಡಬೇಕು. ಮೂರು ಚುಚ್ಚಿಸಿಕೊಂಡು ಗುಣ ಕಾಣಲಿಲ್ಲವೆಂದು ಬಿಟ್ಟವರು ಆ ಪ್ರಯೋಗದ ಚಿಕಿತ್ಸೆಯನ್ನು ಪಡೆದೇ ಇಲ್ಲ.

ಕಾಯುವುದೂ ಒಂದು ಆಯ್ಕೆ

ಸ್ಕ್ಯಾನಿನಲ್ಲಿ ಊತ ಕಾಣುತ್ತದೆ, ಆದರೆ ಓದಲು ಏನೂ ತೊಂದರೆಯಿಲ್ಲ ಎನ್ನುವವರು ಅನೇಕರು. ಚಿತ್ರ ನೋಡಿ ಹೆದರಿ ಅಂದೇ ಇಂಜೆಕ್ಷನ್ ಮಾಡಿಸಿಕೊಳ್ಳುವವರೂ ಉಂಟು. ಇಂಥವರಿಗಾಗಿಯೇ 2019ರಲ್ಲಿ ಪ್ರೋಟೋಕಾಲ್ ವಿ ಪ್ರಕಟವಾಯಿತು. ದೃಷ್ಟಿ ಬಹುತೇಕ ಪೂರ್ಣವಾಗಿದ್ದ 702 ಮಂದಿಯಲ್ಲಿ ಒಂದು ಗುಂಪಿಗೆ ಆರಂಭದಿಂದಲೇ ಅಫ್ಲಿಬರ್ಸೆಪ್ಟ್, ಒಂದಕ್ಕೆ ಲೇಸರ್, ಮತ್ತೊಂದಕ್ಕೆ ನಿಗಾ ಮಾತ್ರ; ಕೊನೆಯ ಎರಡು ಗುಂಪುಗಳಲ್ಲಿ ದೃಷ್ಟಿ ಇಳಿದರೆ ಇಂಜೆಕ್ಷನ್ ಶುರು. ಎರಡು ವರ್ಷಕ್ಕೆ ಒಂದು ಸಾಲು ಅಥವಾ ಹೆಚ್ಚು ಕಳೆದುಕೊಂಡವರು ಕ್ರಮವಾಗಿ ಶೇ. 16, 17 ಮತ್ತು 19, ಗಣನೀಯ ವ್ಯತ್ಯಾಸವಿಲ್ಲ. ನಿಗಾದ ಗುಂಪಿನಲ್ಲಿ ಮೂರನೆಯ ಒಂದು ಭಾಗಕ್ಕೆ ಮಾತ್ರ ಇಂಜೆಕ್ಷನ್ ಬೇಕಾಯಿತು. ಉಳಿದವರು ಎರಡು ವರ್ಷ ಕಣ್ಣಿಗೆ ಸೂಜಿಯಿಲ್ಲದೆ ಕಳೆದರು. ನನ್ನ ಮಟ್ಟಿಗೆ ಈ ಎಲ್ಲ ಪ್ರಯೋಗಗಳಲ್ಲಿ ಸಾಮಾನ್ಯ ಓದುಗರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ, ಆದರೂ ಇದರ ಬಗ್ಗೆ ಮಾತು ಕೇಳಿಬರುವುದು ಕಡಿಮೆ. ಕಾಯುವುದೆಂದರೆ ಮರೆಯುವುದಲ್ಲ, ಪ್ರಯೋಗದಲ್ಲಿ ಕಾದವರನ್ನು ನಿಗದಿತ ದಿನಗಳಂದು ಕರೆಸಿ ನೋಡುತ್ತಿದ್ದರು.

ಸ್ಟೆರಾಯ್ಡ್ ಯಾರಿಗೆ

ಸ್ಟೆರಾಯ್ಡ್ ಸಹ ಊತ ಇಳಿಸುತ್ತದೆ, ಮತ್ತು ಡೆಕ್ಸಾಮೆಥಾಸೋನ್ ಅಳವಡಿಕೆಯ ಪುಟ್ಟ ಕಡ್ಡಿ, ಅಂದರೆ ಓಝರ್ಡೆಕ್ಸ್, ಒಮ್ಮೆ ಹಾಕಿದರೆ ಕೆಲವು ತಿಂಗಳು ಕೆಲಸ ಮಾಡುತ್ತದೆ. ಮೂರು ವರ್ಷ ನಡೆದ ಮೀಡ್ ಪ್ರಯೋಗದಲ್ಲಿ ಅದನ್ನು ಪಡೆದವರಲ್ಲಿ ಶೇ. 22ರಷ್ಟು ಮಂದಿ ಮೂರು ಸಾಲು ಅಥವಾ ಹೆಚ್ಚು ಗಳಿಸಿದರು, ಹುಸಿ ಚಿಕಿತ್ಸೆ ಪಡೆದವರಲ್ಲಿ ಶೇ. 12. ಇದಕ್ಕೆ ತೆರಬೇಕಾದ ಬೆಲೆಯೂ ಅಷ್ಟೇ ಸ್ಪಷ್ಟ: ಸಹಜ ಮಸೂರ ಉಳಿದಿದ್ದ ಕಣ್ಣುಗಳಲ್ಲಿ ಶೇ. 68ರಷ್ಟಕ್ಕೆ ಪೊರೆ ಬಂತು ಅಥವಾ ಹೆಚ್ಚಾಯಿತು, ಸುಮಾರು ಶೇ. 40 ಮಂದಿಗೆ ಕಣ್ಣಿನ ಒತ್ತಡ ಇಳಿಸುವ ಹನಿಗಳು ಬೇಕಾದವು. ಹಾಗಾಗಿ ಪೊರೆ ಶಸ್ತ್ರಚಿಕಿತ್ಸೆ ಆಗಿ ಕೃತಕ ಮಸೂರ ಹಾಕಿಸಿಕೊಂಡವರಿಗೆ ಲೆಕ್ಕ ಬದಲಾಗುತ್ತದೆ; ಪ್ರೋಟೋಕಾಲ್ ಐನಲ್ಲೂ ಅಂಥ ಕಣ್ಣುಗಳಲ್ಲಿ ಸ್ಟೆರಾಯ್ಡ್ ಮತ್ತು ಲೇಸರ್ ಕೂಡಿದ ಚಿಕಿತ್ಸೆ ಇಂಜೆಕ್ಷನ್ನಿಗೆ ಹತ್ತಿರದ ಫಲ ಕೊಟ್ಟಿತ್ತು. ಗ್ಲಾಕೋಮಾ ಇದ್ದವರು ಇದರಿಂದ ದೂರವಿರುವುದು ಮೇಲು. ಇತ್ತೀಚೆಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗಿರುವವರು ವಿಇಜಿಎಫ್ ತಡೆಯುವ ಔಷಧಕ್ಕೆ ಒಪ್ಪುವ ಮೊದಲು ಅದನ್ನು ಕಣ್ಣಿನ ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಅವರ ವಿಷಯದಲ್ಲಿ ಸ್ಟೆರಾಯ್ಡ್ ಮೊದಲ ಸಾಲಿಗೆ ಬರಬಹುದು.

ಹೊಸ ರಕ್ತನಾಳಗಳು ಬೆಳೆದಿದ್ದರೆ

ಇಲ್ಲಿ ಹಳೆಯ ಲೇಸರ್ ಇನ್ನೂ ಗಟ್ಟಿಯಾಗಿ ನಿಂತಿದೆ. ಅಕ್ಷಿಪಟಲದ ಅಂಚುಗಳಿಗೆ ನೂರಾರು ಚುಕ್ಕೆಗಳಾಗಿ ಲೇಸರ್ ಹಾಕಿ ಅಲ್ಲಿನ ಆಮ್ಲಜನಕದ ಬೇಡಿಕೆಯನ್ನೇ ತಗ್ಗಿಸುವ ಈ ವಿಧಾನ, ಮುಂದೆ ತೀವ್ರವಾಗಿ ದೃಷ್ಟಿ ಹೋಗುವ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ಇಳಿಸುತ್ತದೆಂದು ಅಮೆರಿಕದ ಡಿಆರ್‌ಎಸ್ ಅಧ್ಯಯನ 1970ರ ದಶಕದಲ್ಲೇ ತೋರಿಸಿತ್ತು. ಇದರ ದೋಷವೂ ಹಳೆಯದೇ: ಅಂಚಿನ ನೋಟ ಮತ್ತು ಕತ್ತಲೆಯ ನೋಟ ಸ್ವಲ್ಪ ಕುಗ್ಗುತ್ತದೆ, ಮ್ಯಾಕ್ಯುಲಾದ ಊತ ಹೆಚ್ಚಬಹುದು.

ಲೇಸರ್ ಬದಲು ಇಂಜೆಕ್ಷನ್ ಸಾಕೇ ಎಂದು 394 ಕಣ್ಣುಗಳಲ್ಲಿ ಕೇಳಿದ್ದು ಪ್ರೋಟೋಕಾಲ್ ಎಸ್. 2015ರಲ್ಲಿ ಪ್ರಕಟವಾದ ಎರಡು ವರ್ಷದ ಫಲಿತಾಂಶದಲ್ಲಿ ರಾನಿಬಿಝುಮ್ಯಾಬ್ ಗುಂಪು 2.8 ಅಕ್ಷರ ಗಳಿಸಿತು, ಲೇಸರ್ ಗುಂಪು 0.2. ಇಂಜೆಕ್ಷನ್ ಪಡೆದ ಕಣ್ಣುಗಳಲ್ಲಿ ಹೊಸದಾಗಿ ಊತ ಬಂದದ್ದು ಶೇ. 9ಕ್ಕೆ, ಲೇಸರ್ ಪಡೆದವುಗಳಲ್ಲಿ ಶೇ. 28ಕ್ಕೆ, ಕಣ್ಣಿನೊಳಗಿನ ಲೋಳೆಯಂಥ ದ್ರವವನ್ನು ತೆಗೆಯುವ ವಿಟ್ರೆಕ್ಟಮಿ ಶಸ್ತ್ರಚಿಕಿತ್ಸೆ ಬೇಕಾದದ್ದು ಕ್ರಮವಾಗಿ ಶೇ. 4 ಮತ್ತು ಶೇ. 15ಕ್ಕೆ. ಐದು ವರ್ಷಕ್ಕೆ ನಡುದೃಷ್ಟಿ ಎರಡರಲ್ಲೂ ಒಂದೇ ಆಯಿತು, ಸುಮಾರು 3 ಅಕ್ಷರದ ಗಳಿಕೆ. ಹಾಳೆಯ ಮೇಲೆ ಇಂಜೆಕ್ಷನ್ ತುಸು ಮುಂದಿದೆ. ಲೇಸರ್ ಗುಂಪಿನ ಅರ್ಧಕ್ಕಿಂತ ಹೆಚ್ಚು ಕಣ್ಣುಗಳಿಗೂ ಊತಕ್ಕಾಗಿ ರಾನಿಬಿಝುಮ್ಯಾಬ್ ಕೊಟ್ಟಿದ್ದರು ಎಂಬುದನ್ನು ಸೇರಿಸಿಕೊಂಡೇ ಈ ಅಂಕಿಗಳನ್ನು ಓದಬೇಕು.

ಆದರೆ ಐದು ವರ್ಷದಲ್ಲಿ ಇಂಜೆಕ್ಷನ್ ಗುಂಪಿಗೆ ಸರಾಸರಿ ಹತ್ತೊಂಬತ್ತು ಇಂಜೆಕ್ಷನ್ ಬಿದ್ದಿದ್ದವು, ಮತ್ತು ತೀರಿಕೊಂಡವರನ್ನು ಬಿಟ್ಟರೂ ಕೊನೆಯವರೆಗೆ ಬಂದವರು ಮೂರನೆಯ ಎರಡು ಭಾಗ ಮಾತ್ರ. ಖರ್ಚಿಲ್ಲದೆ ಚಿಕಿತ್ಸೆ, ಫೋನ್ ಮಾಡಿ ಕರೆಯುವ ಸಿಬ್ಬಂದಿ ಇದ್ದ ಪ್ರಯೋಗದಲ್ಲೇ ಹೀಗೆ. ಬಿಟ್ಟು ಹೋದವರಿಗೆ ಏನಾಗುತ್ತದೆ ಎಂಬುದಕ್ಕೆ ಫಿಲಡೆಲ್ಫಿಯಾದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನವೊಂದು ಉತ್ತರ ಕೊಡುತ್ತದೆ. ಚಿಕಿತ್ಸೆಯ ನಂತರ ಆರು ತಿಂಗಳಿಗೂ ಹೆಚ್ಚು ಕಾಲ ಬಾರದೆ ಮತ್ತೆ ಬಂದ 59 ಕಣ್ಣುಗಳಲ್ಲಿ, ಇಂಜೆಕ್ಷನ್ ಮಾತ್ರ ಪಡೆದಿದ್ದ 30ರ ಪೈಕಿ 10 ಕಣ್ಣುಗಳಲ್ಲಿ ಕೊನೆಗೆ ಅಕ್ಷಿಪಟಲ ಎಳೆತದಿಂದ ಕಳಚಿತ್ತು. ಲೇಸರ್ ಪಡೆದಿದ್ದ 29ರಲ್ಲಿ ಒಂದರಲ್ಲಿ. ಇದು ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲ, ಕಣ್ಣುಗಳೂ ಕೆಲವೇ, ಆದರೂ ಕಾರಣ ಸುಲಭವಾಗಿ ತಿಳಿಯುವಂಥದ್ದು: ಔಷಧದ ಪ್ರಭಾವ ವಾರಗಳಲ್ಲಿ ಇಳಿಯುತ್ತದೆ, ಹಸಿದ ಅಕ್ಷಿಪಟಲ ಹಾಗೇ ಇರುತ್ತದೆ, ಲೇಸರ್ ಹಾಕಿದ್ದು ರೋಗಿ ಬಂದರೂ ಬಾರದಿದ್ದರೂ ಅಲ್ಲೇ ಇರುತ್ತದೆ.

ಆದ್ದರಿಂದ ಮೂರನೆಯ ಪ್ರಶ್ನೆಯನ್ನು ರೋಗಿ ತನ್ನನ್ನೇ, ತನ್ನ ಮನೆಯವರನ್ನೇ ಕೇಳಿಕೊಳ್ಳಬೇಕು: ಮುಂದಿನ ಎರಡು ಮೂರು ವರ್ಷ ತಪ್ಪದೆ ಬರಲು ಆಗುತ್ತದೆಯೇ? ಡಯಾಲಿಸಿಸ್, ಕಾಲಿನ ಹುಣ್ಣು, ಕೂಲಿ, ಕರೆತರಬೇಕಾದ ಮಗನ ರಜೆ, ಇವೆಲ್ಲ ಈ ಉತ್ತರದೊಳಗೆ ಸೇರಬೇಕು. ಅನುಮಾನವಿದ್ದರೆ ಲೇಸರ್ ಮಾಡಿಸಿಕೊಳ್ಳುವುದು, ಅಥವಾ ಇಂಜೆಕ್ಷನ್ ಜೊತೆಗೆ ಲೇಸರನ್ನೂ ಸೇರಿಸಿಕೊಳ್ಳುವುದು, ಹಿಂದುಳಿದ ಚಿಕಿತ್ಸೆಯಲ್ಲ. ತಮ್ಮ ಬದುಕಿಗೆ ಹೊಂದುವ ಚಿಕಿತ್ಸೆ.

ಒಡೆದ ನಾಳದಿಂದ ಕಣ್ಣಿನೊಳಗೆ ರಕ್ತ ತುಂಬಿದವರ ಆಯ್ಕೆಯನ್ನು ಪ್ರೋಟೋಕಾಲ್ ಎಬಿ 2020ರಲ್ಲಿ ತೂಗಿತು. ಲೇಸರ್ ಸಹಿತ ವಿಟ್ರೆಕ್ಟಮಿ ಮಾಡಿಸಿಕೊಂಡವರಿಗೆ ಮೊದಲ ತಿಂಗಳಲ್ಲೇ ದೃಷ್ಟಿ ಬೇಗ ಮರಳಿತು. ಅಫ್ಲಿಬರ್ಸೆಪ್ಟ್ ಪಡೆದವರು ನಿಧಾನವಾಗಿ ಅದೇ ಮಟ್ಟ ತಲುಪಿದರು, ಅವರಲ್ಲಿ ಮೂರನೆಯ ಒಂದು ಭಾಗಕ್ಕೆ ಎರಡು ವರ್ಷದೊಳಗೆ ಶಸ್ತ್ರಚಿಕಿತ್ಸೆಯೂ ಬೇಕಾಯಿತು. ಇನ್ನೊಂದು ಕಣ್ಣು ಚೆನ್ನಾಗಿರುವವರು ಕಾಯಬಹುದು, ಅದೊಂದೇ ಕಣ್ಣಿನ ಮೇಲೆ ಬದುಕು ನಿಂತವರಿಗೆ ಆ ತಿಂಗಳುಗಳೇ ದೊಡ್ಡವು.

ಆ ಹಂತಕ್ಕೆ ಬರುವ ಮೊದಲೇ

ಹೊಸ ನಾಳಗಳಾಗಲಿ ಊತವಾಗಲಿ ಬರುವ ಮೊದಲೇ ಇಂಜೆಕ್ಷನ್ ಕೊಟ್ಟು ತಡೆಯಬಹುದೇ ಎಂಬುದು ಪ್ರೋಟೋಕಾಲ್ ಡಬ್ಲ್ಯೂ ಕೇಳಿದ ಪ್ರಶ್ನೆ. ತಡೆಯಬಹುದು: ನಾಲ್ಕು ವರ್ಷದಲ್ಲಿ ಆ ತೊಡಕುಗಳು ಹುಸಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 57ರಷ್ಟು ಕಣ್ಣುಗಳಿಗೆ ಬಂದರೆ ಅಫ್ಲಿಬರ್ಸೆಪ್ಟ್ ಗುಂಪಿನಲ್ಲಿ ಶೇ. 34ಕ್ಕೆ ಬಂದವು. ಆದರೆ ದೃಷ್ಟಿಯನ್ನು ಅಳೆದಾಗ ಎರಡು ಗುಂಪುಗಳಿಗೂ ವ್ಯತ್ಯಾಸವೇ ಇರಲಿಲ್ಲ, ಏಕೆಂದರೆ ತೊಡಕು ಬಂದವರಿಗೆ ಬಂದಾಗ ಚಿಕಿತ್ಸೆ ಕೊಟ್ಟಿದ್ದರು. ತಪಾಸಣೆಗೆ ಬರುತ್ತಿರುವವರು ಮುಂಚಿತವಾಗಿ ಚುಚ್ಚಿಸಿಕೊಳ್ಳಬೇಕಾದ ಕಾರಣ ಇದರಲ್ಲಿ ನನಗೆ ಕಾಣುವುದಿಲ್ಲ.

ಈ ಹಂತದಲ್ಲಿ ಹೆಚ್ಚು ಗಮನಿಸಬೇಕಾದದ್ದು ಫೆನೋಫೈಬ್ರೇಟ್ ಎಂಬ ಹಳೆಯ, ಅಗ್ಗದ ಮಾತ್ರೆ. ರಕ್ತದ ಟ್ರೈಗ್ಲಿಸರೈಡ್ ಇಳಿಸಲು ಬಳಸುವ ಅದು ಫೀಲ್ಡ್ ಎಂಬ ಹೆಸರಿನ ಅಧ್ಯಯನದಲ್ಲಿ ಲೇಸರ್ ಬೇಕಾದವರ ಪ್ರಮಾಣವನ್ನು ಇಳಿಸಿತ್ತು. 2010ರ ಅಕಾರ್ಡ್ ಐ ಅಧ್ಯಯನದಲ್ಲಿ ರೆಟಿನೋಪತಿ ಮುಂದುವರಿದವರು ಮಾತ್ರೆ ಪಡೆದವರಲ್ಲಿ ಶೇ. 6.5, ಪಡೆಯದವರಲ್ಲಿ ಶೇ. 10.2. ಸ್ಕಾಟ್ಲೆಂಡಿನಲ್ಲಿ 1,151 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಲೆನ್ಸ್ ಪ್ರಯೋಗ ಕಣ್ಣನ್ನೇ ಮುಖ್ಯ ಗುರಿಯಾಗಿಟ್ಟು ನೋಡಿ ಮಾತ್ರೆ ಪಡೆದವರಲ್ಲಿ ಶೇ. 22.7, ಪಡೆಯದವರಲ್ಲಿ ಶೇ. 29.2 ಎಂಬ ವ್ಯತ್ಯಾಸ ಕಂಡಿತು. ಆಸ್ಟ್ರೇಲಿಯಾ 2013ರಲ್ಲೇ ರೆಟಿನೋಪತಿಗೆ ಇದರ ಬಳಕೆಯನ್ನು ಅನುಮೋದಿಸಿದೆ. ಈಗಾಗಲೇ ಮ್ಯಾಕ್ಯುಲಾ ಊದಿರುವವರಿಗೆ ಇದು ಇಂಜೆಕ್ಷನ್ನಿನ ಬದಲಿಯಲ್ಲ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಹೊಂದದಿರಬಹುದು. ಆದರೂ ಆರಂಭದ ಹಂತದ ರೆಟಿನೋಪತಿ ಇರುವವರು ತಮ್ಮ ಸಕ್ಕರೆ ವೈದ್ಯರ ಮುಂದೆ ಇದರ ಹೆಸರನ್ನು ಎತ್ತುವುದರಲ್ಲಿ ಸಂಕೋಚಪಡಬೇಕಿಲ್ಲ.

ಸಕ್ಕರೆ ಮತ್ತು ರಕ್ತದೊತ್ತಡದ ಹತೋಟಿಯನ್ನು ಯಾವ ಔಷಧದ ಎದುರು ಇಟ್ಟು ಹೋಲಿಸುವುದೂ ಸರಿಯಲ್ಲ, ಅವು ಎಲ್ಲದರ ಅಡಿಪಾಯ. ಒಂದು ವಿಷಯ ಮಾತ್ರ ಹೇಳಬೇಕು: ಬಹುಕಾಲ ಏರಿದ್ದ ಸಕ್ಕರೆಯನ್ನು ಥಟ್ಟನೆ ಇಳಿಸಿದಾಗ ಕೆಲವರ ರೆಟಿನೋಪತಿ ತಾತ್ಕಾಲಿಕವಾಗಿ ಹದಗೆಡುತ್ತದೆಂಬುದು 1993ರ ಡಿಸಿಸಿಟಿ ಎಂಬ ಮಧುಮೇಹ ಪ್ರಯೋಗದ ಕಾಲದಿಂದ ತಿಳಿದಿದೆ. 2016ರಲ್ಲಿ ಸೆಮಾಗ್ಲುಟೈಡ್ ಎಂಬ ಸಕ್ಕರೆ ಇಳಿಸುವ ಇಂಜೆಕ್ಷನ್ನಿನ ಪ್ರಯೋಗವೊಂದರಲ್ಲಿ ಕಣ್ಣಿನ ತೊಡಕುಗಳು ಶೇ. 3.0, ಹೋಲಿಕೆಯ ಗುಂಪಿನಲ್ಲಿ ಶೇ. 1.8 ಕಂಡುಬಂದುದಕ್ಕೂ ಅದೇ ಕಾರಣವಿರಬಹುದೆಂದು ಹಲವರು ಎಣಿಸುತ್ತಾರೆ. ಇನ್ಸುಲಿನ್ ಅಥವಾ ಇಂಥ ಇಂಜೆಕ್ಷನ್ ಆರಂಭಿಸುವ ಮೊದಲು ಒಮ್ಮೆ ಅಕ್ಷಿಪಟಲ ಪರೀಕ್ಷೆ ಮಾಡಿಸಿಕೊಂಡರೆ ಸಾಕು, ಚಿಕಿತ್ಸೆಯನ್ನು ನಿರಾಕರಿಸಬೇಕಿಲ್ಲ.

ಕೊನೆಯದಾಗಿ, ಎರಡು ಕಣ್ಣಿಗೂ ಒಂದೇ ಚಿಕಿತ್ಸೆ ಆಗಬೇಕೆಂದೇನಿಲ್ಲ. ಪ್ರೋಟೋಕಾಲ್ ಎಸ್‌ನಲ್ಲಿ 305 ಮಂದಿಯ 394 ಕಣ್ಣುಗಳಿದ್ದವು. ಎರಡೂ ಕಣ್ಣು ಸೇರಿದ್ದ 89 ಮಂದಿಗೆ ಒಂದಕ್ಕೆ ಲೇಸರ್, ಇನ್ನೊಂದಕ್ಕೆ ಇಂಜೆಕ್ಷನ್ ಕೊಟ್ಟಿದ್ದರು. ಎಡಗಣ್ಣಿನಲ್ಲಿ ಊತ, ಬಲಗಣ್ಣಿನಲ್ಲಿ ಹೊಸ ನಾಳ ಇರುವವರು ಮೇಲಿನ ಮೂರು ಪ್ರಶ್ನೆಗಳಿಗೂ ಒಂದೊಂದು ಕಣ್ಣಿಗೆ ಪ್ರತ್ಯೇಕವಾಗಿ ಉತ್ತರ ಬರೆದುಕೊಂಡು ವೈದ್ಯರ ಬಳಿ ಹೋಗಲಿ.